ಮಕ್ಕಳು ಚಿಲ್ಕಾದಲ್ಲಿ, ನಾವು ಉಡುಪಿಯಲ್ಲಿ

ಮಗ ಅಗ್ನಿವೀರನಾಗಿ, ಅಂದರೆ ನಾಲ್ಕು ವರ್ಷದ ಸೇವೆಗೆ, ನೌಕಾಪಡೆಗೆ ಆಯ್ಕೆಯಾದ ಮೇಲೆ ಸಲಹೆಗಳಿಗೇನೂ ಬರ ಇರಲಿಲ್ಲ. ಎಷ್ಟು ಓಡಬೇಕು, ಯಾವ ಸರ್ಟಿಫಿಕೇಟಿನ ಜೆರಾಕ್ಸ್ ಬೇಕು, ಬನಿಯನ್ ಎಷ್ಟು ಜೊತೆ ಇರಲಿ, ಎಲ್ಲ ಹೇಳುವವರಿದ್ದರು. ಆದರೆ ಅದೆಲ್ಲ ಹೋಗುವವನಿಗೆ. ಒಡಿಶಾದ ಐಎನ್‌ಎಸ್ ಚಿಲ್ಕಾದಲ್ಲಿ ಮೊದಲ ತರಬೇತಿ 16 ವಾರ. ಆ 16 ವಾರ ಮನೆಯಲ್ಲಿ ಕೂತವರು ಎಂತ ಮಾಡಬೇಕು ಅಂತ ಯಾರೂ ಹೇಳಲಿಲ್ಲ. ಅದನ್ನು ನಾವು ಏಳೆಂಟು ಮನೆಯವರು ಸೇರಿ ಕಂಡುಕೊಂಡೆವು.

ನಮ್ಮ ಕಡೆ ಇದು ಸ್ವಲ್ಪ ಕಷ್ಟವೇ. ಕೊಡಗಿನಲ್ಲಾದರೆ ಹತ್ತಿರದಲ್ಲೇ ಒಬ್ಬ ಮಾಜಿ ಸೈನಿಕರು ಸಿಗುತ್ತಾರೆ. ನಮ್ಮದು ಬ್ಯಾಂಕುಗಳ ಸೀಮೆ. 1906ರಲ್ಲಿ ಕೆನರಾ ಮತ್ತು ಕಾರ್ಪೊರೇಷನ್, 1925ರಲ್ಲಿ ಸಿಂಡಿಕೇಟ್, 1931ರಲ್ಲಿ ವಿಜಯಾ, ನಾಲ್ಕೂ ಹುಟ್ಟಿದ್ದು ಉಡುಪಿ-ಮಂಗಳೂರಿನಲ್ಲೇ. ಹಾಗಾಗಿ ನೆಂಟರ ಮೊದಲ ಪ್ರಶ್ನೆ, "ಬ್ಯಾಂಕ್ ಪರೀಕ್ಷೆ ಬರೆಸಬಹುದಿತ್ತಲ್ವಾ?" ಎರಡನೆಯದು, "ನಾಲ್ಕೇ ವರ್ಷವಂತೆ, ಮತ್ತೆ ಎಂತ ಮಾಡ್ತಾನೆ?" ನಾನು ಬ್ರಹ್ಮಾವರದಲ್ಲಿ ಟೈಲರಿಂಗ್ ಮಾಡುತ್ತೇನೆ. ಯಜಮಾನರು ಮುಂಬೈಯಲ್ಲಿ ಹೋಟೆಲ್ ಕೆಲಸದಲ್ಲಿದ್ದಾರೆ. ಬ್ಲೌಸ್ ಅಳತೆ ಕೊಡಲು ಬಂದವರಿಗೆಲ್ಲ ಒಬ್ಬಳೇ ಉತ್ತರ ಹೇಳಿ ಹೇಳಿ ಸಾಕಾಗಿತ್ತು.

ಉಳಿದ ಅಪ್ಪ-ಅಮ್ಮಂದಿರು ಸಿಕ್ಕಿದ್ದು ಮಂಗಳೂರು ಸೆಂಟ್ರಲ್‌ನ ಪ್ಲಾಟ್‌ಫಾರ್ಮಿನಲ್ಲಿ. ಇಲ್ಲಿಂದ ಕೋಲ್ಕತ್ತಾ ಹತ್ತಿರದ ಸಂತ್ರಾಗಾಚಿಗೆ ವಾರಕ್ಕೊಮ್ಮೆ ವಿವೇಕ್ ಎಕ್ಸ್‌ಪ್ರೆಸ್ ಹೋಗುತ್ತದೆ. ಚಿಲ್ಕಾಕ್ಕೆ ಹೋಗುವವರು ಅದರಲ್ಲಿ ಒಡಿಶಾದ ಖುರ್ದಾ ರೋಡ್‌ವರೆಗೆ ಹೋಗಬಹುದು. ಒಂದೇ ರೈಲು, ಒಂದೇ ಥರದ ಕಪ್ಪು ಟ್ರಂಕು, ಹೊಸದಾಗಿ ಕತ್ತರಿಸಿದ ಕೂದಲು. ಯಾರ ಮಕ್ಕಳು ಅಂತ ಕೇಳಬೇಕಾಗಿಯೇ ಇರಲಿಲ್ಲ. ಮಲ್ಪೆಯಲ್ಲಿ ಬೋಟಿಗೆ ಹೋಗುವ ಒಬ್ಬರು ಅಣ್ಣ, ಮಗಳನ್ನು ಕಳುಹಿಸಲು ಬಂದಿದ್ದ ಶಿರ್ವದ ಟೀಚರ್, ಕಾರ್ಕಳದ ಗಂಡ ಹೆಂಡತಿ, ಸುರತ್ಕಲ್ಲಿನ ಆಟೋ ಡ್ರೈವರ್. ರೈಲು ಹೊರಟ ಮೇಲೆ ಎಲ್ಲರೂ ಕ್ಯಾಂಟೀನಿನಲ್ಲಿ ಚಹಾ ಕುಡಿದು ನಂಬರ್ ಬದಲಿಸಿಕೊಂಡೆವು.

ವಾಟ್ಸ್ಯಾಪ್ ಗುಂಪು ಮಾಡುವುದು ಸುಲಭ. ಮೊದಲ ವಾರವೇ ಅದು ಹೆದರಿಕೆಯ ಗುಂಪಾಯಿತು. ಎಲ್ಲಿಂದಲೋ ಬಂದ ವಾಯ್ಸ್ ಮೆಸೇಜು, "ಇಷ್ಟು ಜನರನ್ನು ವಾಪಸ್ ಕಳುಹಿಸಿದರಂತೆ", "ನೀರೂ ಕೊಡುವುದಿಲ್ಲವಂತೆ". ರಾತ್ರಿ ಹನ್ನೊಂದಕ್ಕೆ ಅದನ್ನು ಕೇಳಿದರೆ ಯಾವ ತಾಯಿಗೆ ನಿದ್ದೆ ಬರುತ್ತದೆ? ಟೀಚರ್ ಕಡ್ಡಿ ಮುರಿದ ಹಾಗೆ ಹೇಳಿದರು: ಇಲ್ಲಿ ಫಾರ್ವರ್ಡ್ ಬೇಡ. ನಮ್ಮ ಮಕ್ಕಳೇ ಹೇಳಿದ್ದು, ಇಲ್ಲವೇ ಕೇಂದ್ರದಿಂದ ಬಂದ ಕಾಗದದಲ್ಲಿ ಇರುವುದು, ಎರಡೇ ಸಾಕು. ಮಕ್ಕಳ ಫೋಟೋ, ಅವರು ಎಲ್ಲಿ ಏನು ಮಾಡುತ್ತಿದ್ದಾರೆ ಅನ್ನುವುದನ್ನು ಸ್ಟೇಟಸ್‌ಗೆ ಹಾಕುವುದೂ ಬೇಡ. ಜುಲೈ 26ರ ಕಾರ್ಗಿಲ್ ವಿಜಯ ದಿವಸಕ್ಕೆ ಕದ್ರಿಯ ಯುದ್ಧ ಸ್ಮಾರಕಕ್ಕೆ ಹೋದಾಗ ನೌಕಾಪಡೆಯ ನಿವೃತ್ತ ಪೆಟ್ಟಿ ಆಫೀಸರ್ ಒಬ್ಬರ ಪರಿಚಯವಾಯಿತು. ಆಮೇಲೆ ಅನುಮಾನ ಬಂದದ್ದನ್ನೆಲ್ಲ ಅವರ ಹತ್ತಿರ ಕೇಳುತ್ತಿದ್ದೆವು. ಎಲ್ಲರೂ ಫೋನ್ ಮಾಡಿ ಅವರ ತಲೆ ತಿನ್ನಬಾರದು ಅಂತ ಆ ಕೆಲಸ ಒಬ್ಬರಿಗೇ, ಆಟೋ ಅಣ್ಣನಿಗೆ.

ನಿಜವಾದ ಕಷ್ಟ ಭಾನುವಾರದ ಫೋನು. ನಮ್ಮ ಮಕ್ಕಳಿಗೆ ಹೆಚ್ಚಾಗಿ ಅವತ್ತೇ ಮಾತಾಡಲು ಸಿಗುತ್ತಿತ್ತು, ಅದೂ ಕೆಲವೇ ನಿಮಿಷ. ಒಂದೊಂದು ವಾರ ಅದೂ ಇಲ್ಲ. ಬಂದರೆ "ಊಟ ಆಯ್ತಾ, ಎಂತ ಊಟ, ಹೊಟ್ಟೆ ತುಂಬಾ ತಿಂದೆಯಾ" ಅನ್ನುವುದರಲ್ಲೇ ಅರ್ಧ ಹೊತ್ತು ಮುಗಿಯುತ್ತಿತ್ತು. ಅದಕ್ಕೆ ನಾನು ಕ್ಯಾಲೆಂಡರಿನ ಹಿಂದೆ ಪೆನ್ಸಿಲಿನಲ್ಲಿ ಬರೆದಿಡಲು ಶುರು ಮಾಡಿದೆ. ಎಡಗಡೆ ಕೇಳಬೇಕಾದ್ದು: ಕಾಲು ನೋವು ಉಂಟಾ, ಈಜು ಎಲ್ಲಿಗೆ ಬಂತು, ಸಂಬಳದ ಖಾತೆ ಸರಿಯಾಯಿತಾ. ಬಲಗಡೆ ಹೇಳಬೇಕಾದ್ದು: ದನ ಕರು ಹಾಕಿತು, ತಂಗಿ ಶಾಲೆಯಲ್ಲಿ ಖೋಖೋ ಟೀಮಿಗೆ ಸೇರಿದಳು. ಕೆಳಗೆ ಗೀಟು ಹಾಕಿ, ಹೇಳಬಾರದ್ದು. ಅದರಲ್ಲಿ ಮೊದಲನೆಯದು 'ನೀನಿಲ್ಲದೆ ಮನೆ ಖಾಲಿ ಖಾಲಿ'. ಎರಡನೆಯದು ಪತ್ರೊಡೆ. ನಗಬೇಡಿ. ಆಟಿ ತಿಂಗಳ ಮಳೆಯಲ್ಲಿ, ಕೆಸುವಿನ ಎಲೆ ತಂದು ಪತ್ರೊಡೆ ಮಾಡಿದೆವು ಅಂತ ಅಲ್ಲಿರುವವನಿಗೆ ಹೇಳುವುದು ಹಿಂಸೆಯೇ ಸರಿ. ಈ ಚೀಟಿಯ ಫೋಟೋ ನೋಡಿ ಉಳಿದವರೂ ತಮ್ಮ ತಮ್ಮದು ಬರೆದುಕೊಂಡರು.

ಯಾರಿಗೆ ಫೋನ್ ಬಂತೋ ಅವರು ಗುಂಪಿನಲ್ಲಿ ಒಂದು ಸಾಲು ಹಾಕಬೇಕು. "ಬಂತು, ಎಲ್ಲರೂ ಚೆನ್ನಾಗಿದ್ದಾರೆ." ಅಷ್ಟೇ. ಒಬ್ಬನಿಗೆ ಫೋನ್ ಸಿಕ್ಕರೆ ಅವನು ಉಳಿದ ಊರಿನ ಮಕ್ಕಳ ಸುದ್ದಿಯನ್ನೂ ಹೇಳಬೇಕು ಅಂತ ಮಕ್ಕಳಿಗೂ ಹೇಳಿಟ್ಟಿದ್ದೆವು. ಈ ಒಂದು ಏರ್ಪಾಡು ನಮ್ಮನ್ನು ಕಾಪಾಡಿದಷ್ಟು ಬೇರೆ ಯಾವುದೂ ಕಾಪಾಡಲಿಲ್ಲ. ಸಮಾಧಾನದ ಮಾತು ಎಷ್ಟು ಬೇಕಾದರೂ ಸಿಗುತ್ತದೆ. ಆ ಹೊತ್ತಿಗೆ ಬೇಕಾದದ್ದು ಸುದ್ದಿ.

ಶುರುವಿನಲ್ಲಿ ಸುಮಾರು ಮಕ್ಕಳು ಅತ್ತರು. ಸುರತ್ಕಲ್ಲಿನ ಹುಡುಗ "ನನಗೆ ಆಗುವುದಿಲ್ಲ, ಬಂದು ಕರೆದುಕೊಂಡು ಹೋಗಿ" ಅಂದುಬಿಟ್ಟ. ಅವನಪ್ಪ ರಾತ್ರಿಯೇ ಟಿಕೆಟ್ ನೋಡಲು ಕೂತರು. ಮಲ್ಪೆಯ ಅಣ್ಣನಿಗೆ ಆಗ ಪುರುಸೊತ್ತು ಜಾಸ್ತಿ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ, ಬೋಟುಗಳೆಲ್ಲ ಬಂದರಿನಲ್ಲಿ. ಅವರು ಆ ಮಳೆಯಲ್ಲೇ ಬಸ್ಸು ಹತ್ತಿ ಸುರತ್ಕಲ್ಲಿಗೆ ಹೋಗಿ ಎದುರು ಕೂತು ಹೇಳಿದರಂತೆ: "ಮಾರಾಯ್ರೆ, ಮೊದಲ ಸಲ ಬೋಟಿಗೆ ಬಂದ ಹುಡುಗರೆಲ್ಲ ವಾಂತಿ ಮಾಡಿ ಮಾಡಿ, ದಡಕ್ಕೆ ಬಿಡಿ ಅಂತ ಅಳ್ತಾರೆ. ಅವತ್ತು ಯಾರೂ ಬೋಟು ತಿರುಗಿಸುದಿಲ್ಲ. ಎರಡು ವಾರ ಕಳೆಯಲಿ. ಆಗಲೂ ಹಾಗೇ ಹೇಳಿದರೆ ನಾನೇ ನಿಮ್ಮ ಜೊತೆ ಬರ್ತೇನೆ." ಹೋಗುವ ಪ್ರಸಂಗ ಬರಲಿಲ್ಲ. ನನಗೆ ಹಿಡಿಸಿದ್ದು ಕೊನೆಯ ಮಾತು. 'ಎಲ್ಲ ಸರಿಯಾಗ್ತದೆ' ಅನ್ನದೆ, ಸರಿಯಾಗದಿದ್ದರೆ ನಾನಿದ್ದೇನೆ ಅಂದರಲ್ಲ, ಅದು.

ಆದರೆ ಅಳುವುದು ಬೇರೆ, ನೋವು ಬೇರೆ. ಒಮ್ಮೆಲೇ ಓಟ, ಡ್ರಿಲ್ಲು, ಬೂಟು ಎಲ್ಲ ಶುರುವಾದಾಗ ಮೊಣಕಾಲಿನ ಕೆಳಗಿನ ಮೂಳೆಯಲ್ಲಿ ಸಣ್ಣ ಬಿರುಕು ಬರುವುದುಂಟು. ಹೇಳಿದರೆ ಮುಂದಿನ ಬ್ಯಾಚಿಗೆ ಹಾಕುತ್ತಾರೆ ಅಂತ ಮಕ್ಕಳು ಮುಚ್ಚಿಡುತ್ತಾರೆ. ಅದರ ಮೇಲೆಯೇ ಓಡಿದರೆ ಬಿರುಕು ದೊಡ್ಡದಾಗುತ್ತದೆ. ನೌಕಾಪಡೆಯಲ್ಲಿ ಚಿಕಿತ್ಸೆ ಕೊಡುವ ಜಾಗಕ್ಕೆ 'ಸಿಕ್ ಬೇ' ಅನ್ನುತ್ತಾರೆ. "ಸಿಕ್ ಬೇಗೆ ಹೋದೆಯಾ?" ಅಂತ ನೇರ ಕೇಳಿ, ಬ್ಯಾಚ್ ತಪ್ಪಿದರೂ ಮನೆಯಲ್ಲಿ ಯಾರೂ ಏನೂ ಅನ್ನುವುದಿಲ್ಲ ಅಂತ ಹೇಳಿಬಿಡಿ ಎಂದು ಪೆಟ್ಟಿ ಆಫೀಸರ್ ಹೇಳಿದ್ದರು. ಮನೆಯಲ್ಲಿ ಏನಾದರೂ ತುರ್ತು ಆದರೂ ಅಷ್ಟೇ. ಮಗನ ಸ್ನೇಹಿತರ ಮೂಲಕ ಅರ್ಧಂಬರ್ಧ ಸುದ್ದಿ ಮುಟ್ಟಿಸುವುದಕ್ಕಿಂತ ಕೇಂದ್ರದ ನಂಬರಿಗೆ ಫೋನ್ ಮಾಡುವುದು ಒಳ್ಳೆಯದು.

ಆ ನಂಬರ್ ಇನ್ನೊಂದಕ್ಕೂ ಬೇಕಾಯಿತು. ಒಂದು ಮಧ್ಯಾಹ್ನ ಮಲ್ಪೆಯ ಅಣ್ಣನಿಗೆ ಹಿಂದಿಯಲ್ಲಿ ಫೋನು. ನಿಮ್ಮ ಮಗನಿಗೆ ಫೈರಿಂಗ್‌ನಲ್ಲಿ ಏಟಾಗಿದೆ, ಆಪರೇಷನ್ ಆಗಬೇಕು, ಈಗಲೇ ಯುಪಿಐ ಮಾಡಿ. ಮಗನ ಹೆಸರು, ಊರು ಎಲ್ಲ ಸರಿಯಾಗಿ ಹೇಳಿದ್ದ. ಹಿನ್ನೆಲೆಯಲ್ಲಿ ಯಾರೋ ನರಳುವ ಸದ್ದು ಬೇರೆ. ಅಣ್ಣನ ಹೆಂಡತಿ ಫೋನ್ ಕಿತ್ತುಕೊಂಡು ಕಟ್ ಮಾಡಿ, ಆಯ್ಕೆಪತ್ರದ ಜೊತೆ ಬಂದ ಕಾಗದದಲ್ಲಿದ್ದ ನಂಬರಿಗೆ ಟೀಚರ್ ಕೈಯಲ್ಲಿ ಫೋನ್ ಮಾಡಿಸಿದರು. ಹುಡುಗ ಪರೇಡ್ ಮೈದಾನದಲ್ಲಿದ್ದ! ಸೇನೆಯ ಆಸ್ಪತ್ರೆ ತರಬೇತಿಯಲ್ಲಿರುವವರ ಅಪ್ಪ-ಅಮ್ಮನ ಹತ್ತಿರ ದುಡ್ಡು ಕೇಳುವುದಿಲ್ಲ. ಆ ಕಾಗದದ ನಂಬರನ್ನು ಎಲ್ಲರೂ ಗೋಡೆಯ ಮೇಲೆ ಬರೆದಿಟ್ಟೆವು. ಪಕ್ಕದಲ್ಲಿ ಸೈಬರ್ ವಂಚನೆಯ ಸಹಾಯವಾಣಿ 1930.

ದುಡ್ಡಿನ ಮಾತು ಬಂದಾಗ ಗುಂಪಿನಲ್ಲಿ ಜಗಳವೇ ಆಗುತ್ತಿತ್ತು. ಮೊದಲ ವರ್ಷ ತಿಂಗಳಿಗೆ 30,000, ಅದರಲ್ಲಿ 9,000 ನಾಲ್ಕು ವರ್ಷ ಮುಗಿದಾಗ ಒಟ್ಟಿಗೆ ಸಿಗುವ ಸೇವಾ ನಿಧಿಗೆ ಹೋಗುತ್ತದೆ, ಸರ್ಕಾರವೂ ಅಷ್ಟೇ ಹಾಕುತ್ತದೆ. ನಾಲ್ಕು ವರ್ಷದ ನಂತರ ಶೇ. 25ರವರೆಗೆ ಉಳಿಸಿಕೊಳ್ಳುತ್ತಾರೆ ಅನ್ನುವುದು 2022ರಲ್ಲಿ ಹೇಳಿದ ನಿಯಮ. ಉಳಿದವರ ಗತಿ ಏನು ಅಂತ ಕೆಲವರು, ಈಗಲೇ ಯಾಕೆ ಆ ಮಾತು ಅಂತ ಕೆಲವರು. ಅದಕ್ಕೆ ನಮ್ಮಲ್ಲಿ ಉತ್ತರ ಸಿಗಲಿಲ್ಲ. ಭಾನುವಾರ ಮಾತ್ರ ಆ ಮಾತು ಬೇಡ ಅಂತ ಒಪ್ಪಂದವಾಯಿತು. ಹೆಣ್ಣುಮಕ್ಕಳನ್ನು ಯಾಕೆ ಕಳುಹಿಸಿದಿರಿ ಅಂತ ಕೇಳಿದವರಿಗೆ ಟೀಚರ್ ಹತ್ತಿರ ಸಿದ್ಧ ಉತ್ತರವಿತ್ತು: 2023ರ ಮಾರ್ಚ್ 28ರಂದು ಚಿಲ್ಕಾದಿಂದ ಹೊರಬಂದ ಮೊದಲ ಅಗ್ನಿವೀರ್ ಬ್ಯಾಚಿನಲ್ಲೇ 270ಕ್ಕೂ ಹೆಚ್ಚು ಹುಡುಗಿಯರಿದ್ದರು. ಆಮೇಲೆ ಕೇಳಿದವರು ಸುಮ್ಮನಾಗುತ್ತಿದ್ದರು.

ತರಬೇತಿ ಮುಗಿದಾಗ ನಡೆಯುವ ಪಾಸಿಂಗ್ ಔಟ್ ಪರೇಡಿಗೆ ಹೋಗುವವರಿಗೆ ಒಂದೆರಡು ವಿಷಯ. ರೈಲಿನ ಮುಂಗಡ ಬುಕಿಂಗ್ ಈಗ 60 ದಿನ ಮೊದಲು ಮಾತ್ರ ತೆರೆಯುತ್ತದೆ. ವಿವೇಕ್ ಸಿಗದಿದ್ದರೆ ಬೆಂಗಳೂರಿಗೆ ಹೋಗಿ ಪ್ರಶಾಂತಿ ಎಕ್ಸ್‌ಪ್ರೆಸ್ ಹಿಡಿಯಬಹುದು. ಒಳಗೆ ಬಿಡಲು ನಮ್ಮ ಆಧಾರ್ ವಿವರವನ್ನು ಮೊದಲೇ ಕಳುಹಿಸಬೇಕಾಗಿತ್ತು. ಮೂಲ ಕಾರ್ಡೂ ಕೈಯಲ್ಲಿರಲಿ. ಮೂರು ಮನೆಯವರಿಗೆ ಬರಲು ಆಗುವಂತಿರಲಿಲ್ಲ. ಅವರ ಮಕ್ಕಳ ಎದುರೂ ನಾವೇ ಅಪ್ಪ-ಅಮ್ಮಂದಿರಾಗಿ ನಿಂತು ಫೋಟೋ ತೆಗೆಸಿಕೊಂಡೆವು.

ಕಾರ್ಕಳದವರು ಬರಲಿಲ್ಲ. ಅವರ ಮಗನಿಗೆ ಕಾಲಿನ ಮೂಳೆ ಬಿರುಕು ಬಿಟ್ಟು ಮುಂದಿನ ಬ್ಯಾಚಿಗೆ ಹಾಕಿದ್ದರು. ನಮ್ಮ ಮಕ್ಕಳು ಮುಗಿಸಿದ ಕೂಡಲೇ ಗುಂಪು ಬಿಟ್ಟು ಹೋಗುವುದು ಸರಿ ಕಾಣಲಿಲ್ಲ, ಯಾರೂ ಹೋಗಲಿಲ್ಲ. ಈಗ ಹೊಸ ಬ್ಯಾಚಿನ ಮನೆಯವರೂ ಸೇರಿದ್ದಾರೆ. ಭಾನುವಾರದ ಒಂದು ಸಾಲಿನ ಸುದ್ದಿಯ ಜವಾಬ್ದಾರಿ ಕಾರ್ಕಳದ ಅಕ್ಕನದೇ. ಈ ಸಲ ಅವರ ಟಿಕೆಟ್ ಮಾಡಿಸುವ ಕೆಲಸ ಆಟೋ ಅಣ್ಣ ವಹಿಸಿಕೊಂಡಿದ್ದಾರೆ, ಮನೆಯ ದನಕ್ಕೆ ಹುಲ್ಲು ಹಾಕಲು ಪಕ್ಕದ ಮನೆಯವರು ಒಪ್ಪಿದ್ದಾರೆ.