ವಿಜಯಪುರದಲ್ಲಿ ಕೌಟುಂಬಿಕ ವಕೀಲಿಕೆ: ನನ್ನ ಅನುಭವ

ವಿಜಯಪುರ ಜಿಲ್ಲೆಯ ಕೌಟುಂಬಿಕ ಪ್ರಕರಣಗಳಲ್ಲಿ ಅರ್ಜಿದಾರರೂ ಎದುರುದಾರರೂ ಬಹಳ ಸಲ ಒಂದೇ ಬಳಗದವರಾಗಿರುತ್ತಾರೆ. ಅಕ್ಕನ ಮಗಳನ್ನೋ ಸೋದರಮಾವನ ಮಗಳನ್ನೋ ತಂದುಕೊಳ್ಳುವ ರೂಢಿ ಇಲ್ಲಿ ಇನ್ನೂ ಇರುವುದರಿಂದ, ಗಂಡ ಹೆಂಡತಿ ಬೇರೆಯಾದರೂ ಉಳಿದ ಸಂಬಂಧಗಳು ಹಾಗೆಯೇ ಮುಂದುವರಿಯುತ್ತವೆ. ಒಮ್ಮೆ ನಾನು ಪಾಟೀ ಸವಾಲು ಮಾಡಿದ ಹಿರಿಯರೇ ನಾಲ್ಕು ವರ್ಷದ ನಂತರ ಹೊಲದ ವಾಟ್ನಿಗಾಗಿ, ಅಂದರೆ ಪಾಲು ಮಾಡಿಸಿಕೊಳ್ಳಲು, ನನ್ನ ಕಚೇರಿಗೆ ಬಂದಿದ್ದಾರೆ. ಈ ವೃತ್ತಿಯಲ್ಲಿ ಬಹುಕಾಲ ನಿಲ್ಲಬೇಕಾದರೆ ಎದುರು ಪಕ್ಷದವರಿಗೂ ನಮ್ಮ ಮಾತಿನಲ್ಲಿ, ಕಾಗದದಲ್ಲಿ ನಂಬಿಕೆ ಇರಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ. ನನ್ನ ಕೆಲಸದ ಪದ್ಧತಿಯನ್ನೆಲ್ಲ ಅದರ ಮೇಲೆಯೇ ಕಟ್ಟಿಕೊಂಡಿದ್ದೇನೆ.

ನೋಟಿಸಿನಿಂದಲೇ ಅದು ಆರಂಭವಾಗುತ್ತದೆ. ಸಿಟ್ಟಿನಲ್ಲಿ ಬಂದ ಕಕ್ಷಿದಾರರು ನಡತೆಯ ಮೇಲಿನ ಆರೋಪಗಳನ್ನು ಬರೆಯಲೇಬೇಕೆಂದು ಪಟ್ಟು ಹಿಡಿಯುತ್ತಾರೆ. ಸಾಕ್ಷ್ಯವಿಲ್ಲದ ಆರೋಪವನ್ನು ನಾನು ಬರೆಯುವುದಿಲ್ಲ. ಸಂಗಾತಿಯ ಶೀಲದ ಮೇಲೆ ಆಧಾರವಿಲ್ಲದೆ ಹೊರಿಸಿದ ಆರೋಪವನ್ನೇ ನ್ಯಾಯಾಲಯಗಳು ಮಾನಸಿಕ ಕ್ರೌರ್ಯವೆಂದು ಪರಿಗಣಿಸಿವೆ. ಅಂದರೆ ಬರೆಸಿದವರಿಗೇ ಅದು ಮುಳುವಾಗಬಹುದು. ಅದಕ್ಕಿಂತ ಮುಖ್ಯವಾಗಿ, ಆ ಕಾಗದ ದಾಖಲೆಯಲ್ಲಿ ಉಳಿಯುತ್ತದೆ, ಮಕ್ಕಳು ದೊಡ್ಡವರಾದ ಮೇಲೆ ಓದುತ್ತಾರೆ.

ಜೀವನಾಂಶದ ಪ್ರಕರಣಗಳಲ್ಲಿ ನಿಜವಾದ ದುಡಿಮೆ ಇರುವುದು ಆದಾಯ ತೋರಿಸುವುದರಲ್ಲಿ. 2020ರ ರಜನೀಶ್ ವಿರುದ್ಧ ನೇಹಾ ತೀರ್ಪಿನ ನಂತರ ಇಬ್ಬರೂ ತಮ್ಮ ಆಸ್ತಿ, ಆದಾಯ, ಸಾಲಗಳ ಪ್ರಮಾಣಪತ್ರ (ಅಫಿಡವಿಟ್) ಸಲ್ಲಿಸಬೇಕು. ಜೀವನಾಂಶವೂ ಅರ್ಜಿ ಹಾಕಿದ ದಿನದಿಂದಲೇ ಸಿಗಬೇಕೆಂದು ಸುಪ್ರೀಂ ಕೋರ್ಟ್ ಆ ತೀರ್ಪಿನಲ್ಲಿ ಹೇಳಿದೆ. ನೌಕರಿಯವರಿದ್ದರೆ ಸಂಬಳದ ಚೀಟಿ ಸಾಕಾಗುತ್ತದೆ. ಆದರೆ ನಮ್ಮಲ್ಲಿ ಬಹುಪಾಲು ಒಕ್ಕಲುತನದವರು, "ಮಳಿ ಇಲ್ರಿ, ಬೆಳಿ ಇಲ್ರಿ" ಎಂದುಬಿಟ್ಟರೆ ಆದಾಯವೇ ಇಲ್ಲವೆಂದಾಗುತ್ತದೆ. ಆದ್ದರಿಂದ ಹೆಣ್ಣುಮಗಳು ನನ್ನ ಬಳಿ ಬಂದ ಮೊದಲ ದಿನವೇ ಹೊಲದ ಸರ್ವೆ ನಂಬರು ಕೇಳಿ, ಪಹಣಿಯ ಬೆಳೆ ಕಾಲಂ ನೋಡುತ್ತೇನೆ. ಕಬ್ಬಿದ್ದರೆ ಸಕ್ಕರೆ ಕಾರ್ಖಾನೆಯ ಬಿಲ್ಲು, ದ್ರಾಕ್ಷಿ ಇದ್ದರೆ ಒಣದ್ರಾಕ್ಷಿ ಮಾರಿದ ಪಟ್ಟಿ, ಲಿಂಬೆ ಇದ್ದರೆ ಮಾರುಕಟ್ಟೆಯ ರಸೀದಿ, ಜೊತೆಗೆ ಸೊಸೈಟಿಯ ಬೆಳೆಸಾಲದ ಲೆಕ್ಕ ಮತ್ತು ಡೇರಿಗೆ ಹಾಲು ಹಾಕುವ ಪುಸ್ತಕ ಇವನ್ನೆಲ್ಲ ಹೊಂದಿಸಿದಾಗ ಒಂದು ಮನೆಯ ವರ್ಷದ ಲೆಕ್ಕ ತಾನಾಗಿ ಮೂಡುತ್ತದೆ. ಗಂಡನ ಪರ ನಿಂತಾಗಲೂ ನಾನು ಇದೇ ಕಾಗದಗಳನ್ನು ಕೇಳುತ್ತೇನೆ, ಹೊಲವನ್ನು ಮುಚ್ಚಿಟ್ಟು ಪ್ರಮಾಣಪತ್ರ ಬರೆಸಲು ಬಂದವರನ್ನು ಹಿಂದೆ ಕಳಿಸುತ್ತೇನೆ. ಗಂಡನ ಕಡೆಯ ಪ್ರಕರಣಗಳನ್ನೂ ಹೆಂಡತಿಯ ಕಡೆಯವನ್ನೂ ನಡೆಸುವುದರಿಂದ ಎರಡೂ ಮನೆಗಳ ಕಷ್ಟ ತಿಳಿಯುತ್ತದೆ, ಒಂದೇ ಕಡೆಯ ಸಿಟ್ಟು ನಮ್ಮೊಳಗೆ ಗಟ್ಟಿಯಾಗುವುದಿಲ್ಲ.

ಆದೇಶ ಬಂದ ಮೇಲೆ ಕೆಲಸ ಮುಗಿಯಿತೆಂದು ತಿಳಿದು ಫೈಲು ಕಟ್ಟಿಡುವ ವಕೀಲರಿದ್ದಾರೆ, ಅದು ನನಗೆ ಒಪ್ಪಿಗೆಯಿಲ್ಲ. ಮೊದಲು ದಂಡ ಪ್ರಕ್ರಿಯಾ ಸಂಹಿತೆಯ ಕಲಂ 125ರಲ್ಲಿ ಇದ್ದ, 2024ರ ಜುಲೈ 1ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಕಲಂ 144ಕ್ಕೆ ಬಂದ ಜೀವನಾಂಶದ ಕಾನೂನಿನಲ್ಲಿ, ಬಾಕಿ ಬಿದ್ದ ಹಣದ ವಸೂಲಿಗೆ ವಾರಂಟ್ ಬೇಕಾದರೆ ಅದು ಕೊಡಬೇಕಾಗಿದ್ದ ದಿನದಿಂದ ಒಂದು ವರ್ಷದೊಳಗೆ ಅರ್ಜಿ ಹಾಕಬೇಕು. ಪ್ರತಿ ಆದೇಶಕ್ಕೂ ನನ್ನ ಡೈರಿಯಲ್ಲಿ ಒಂದು ಪುಟವಿದ್ದು, ಯಾವ ತಿಂಗಳ ಹಣ ಬಂದಿದೆ, ಯಾವುದು ಬಂದಿಲ್ಲವೆಂದು ಗುಮಾಸ್ತರು ಅದರಲ್ಲಿ ಬರೆಯುತ್ತಾರೆ. ಕಬ್ಬು ಕಡಿಯುವ ಗ್ಯಾಂಗಿನೊಡನೆ ಮಹಾರಾಷ್ಟ್ರಕ್ಕೋ ಕೂಲಿಗೆಂದು ಗೋವಾಕ್ಕೋ ಹೋದವನಿಗೆ ನೋಟಿಸು ಮುಟ್ಟಿಸುವುದು ಕಷ್ಟವಾದ್ದರಿಂದ, ಊರಿಗೆ ಮರಳುವ ಬೇಸಿಗೆಯ ತಿಂಗಳುಗಳನ್ನು ಗಮನದಲ್ಲಿಟ್ಟುಕೊಂಡು ತಾರೀಖು ಕೇಳುತ್ತೇನೆ.

ಹಳ್ಳಿಯ ಹಿರಿಯರು ಕೂಡಿ ಬಾಂಡ್ ಪೇಪರಿನ ಮೇಲೆ ಬರೆಸಿದ ಸೋಡಚೀಟಿಯನ್ನು, ಅಂದರೆ ಬಿಡುಗಡೆ ಪತ್ರವನ್ನು, ಹಿಡಿದು ಬರುವವರು ಅನೇಕ. ರೂಢಿಯ ವಿಚ್ಛೇದನವನ್ನು 1955ರ ಹಿಂದೂ ವಿವಾಹ ಕಾಯ್ದೆ ಉಳಿಸಿದೆಯಾದರೂ ಆ ರೂಢಿ ತಮ್ಮ ಸಮುದಾಯದಲ್ಲಿ ಇದೆಯೆಂದು ಸಾಬೀತು ಮಾಡುವ ಹೊರೆ ಹೇಳುವವರ ಮೇಲೆಯೇ ಇರುತ್ತದೆ. ಆದ್ದರಿಂದ ಇಬ್ಬರೂ ಒಪ್ಪಿದ್ದರೆ ಅದೇ ಕಾಯ್ದೆಯ ಕಲಂ 13ಬಿ ಅಡಿಯಲ್ಲಿ ಪರಸ್ಪರ ಒಪ್ಪಿಗೆಯ ವಿಚ್ಛೇದನಕ್ಕೆ ಅರ್ಜಿ ಹಾಕಿಸುತ್ತೇನೆ. ಆ ಅರ್ಜಿಗೆ ಇರುವ ಆರು ತಿಂಗಳ ಕಾಯುವಿಕೆಯನ್ನು ಸೂಕ್ತ ಪ್ರಕರಣಗಳಲ್ಲಿ ನ್ಯಾಯಾಲಯ ಬಿಟ್ಟುಕೊಡಬಹುದೆಂದು 2017ರಲ್ಲಿಯೇ ತೀರ್ಮಾನವಾಗಿದೆ. ರಾಜಿ ಪತ್ರದಲ್ಲಿ ಬಂಗಾರ, ಪಾತ್ರೆ ಪಗಡ, ಮಕ್ಕಳ ಶಾಲೆಯ ಫೀ, ಜಾತ್ರೆ ದೀಪಾವಳಿಗಳಲ್ಲಿ ಮಗು ಯಾರ ಮನೆಯಲ್ಲಿರಬೇಕೆಂಬುದನ್ನೂ ಬರೆಸಿಕೊಂಡರೆ ಮುಂದಿನ ಜಗಳಗಳು ಬಹುಮಟ್ಟಿಗೆ ತಪ್ಪುತ್ತವೆ. ಬರೆಯದೆ ಬಿಟ್ಟ ಹಬ್ಬಗಳಿಗಾಗಿಯೇ ಮರಳಿ ನ್ಯಾಯಾಲಯಕ್ಕೆ ಬಂದವರನ್ನು ನೋಡಿದ್ದೇನೆ.

ಹಣದ ವಿಚಾರ. ಜೀವನಾಂಶ ಕೇಳಲು ಬರುವ ಹೆಣ್ಣುಮಗಳಿಂದ ಹೆಚ್ಚಿನ ಫೀ ನಿರೀಕ್ಷಿಸಲಾಗದು. ಸಿಗುವ ಹಣದಲ್ಲಿ ಪಾಲು ಮಾತಾಡಿಕೊಳ್ಳುವುದನ್ನು ವಕೀಲರ ಪರಿಷತ್ತಿನ ನಿಯಮ ನಿಷೇಧಿಸಿದೆ, ಅದು ಇರಬೇಕಾದ ನಿಯಮ. ಮಹಿಳೆಯರಿಗೆ ಆದಾಯ ಎಷ್ಟೇ ಇದ್ದರೂ ಉಚಿತ ಕಾನೂನು ನೆರವಿನ ಹಕ್ಕಿರುವುದರಿಂದ, ಫೀ ಕೊಡಲಾಗದವರನ್ನು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ನಾನೇ ಚೀಟಿ ಬರೆದು ಕಳಿಸುತ್ತೇನೆ. ನನ್ನ ಕಚೇರಿ ನಡೆಯುವುದು ವಾಟ್ನಿ ದಾವೆಗಳಿಂದ. ಜೀವನಾಂಶ, ವಾಟ್ನಿ ಇವೆರಡೂ ಬೇರೆ ಬೇರೆ ಕ್ಷೇತ್ರಗಳಲ್ಲ: ಕರ್ನಾಟಕದ 1994ರ ತಿದ್ದುಪಡಿ, ಕೇಂದ್ರದ 2005ರ ತಿದ್ದುಪಡಿ, ಸುಪ್ರೀಂ ಕೋರ್ಟಿನ 2020ರ ವಿನೀತಾ ಶರ್ಮಾ ತೀರ್ಪು ಇವುಗಳಿಂದ ಹೆಣ್ಣುಮಗಳಿಗೆ ತವರಿನ ಆಸ್ತಿಯಲ್ಲಿ ಪಾಲಿದೆಯೆಂದು ಗೊತ್ತಾದ ದಿನ ಗಂಡನ ಮನೆಯ ರಾಜಿ ಮಾತುಕತೆಯಲ್ಲಿಯೂ ಅವಳ ದನಿ ಬದಲಾಗುತ್ತದೆ.

ಮನಸ್ಸಿನ ಭಾರದ ಬಗ್ಗೆ ಕಿರಿಯ ವಕೀಲರು ಕೇಳುತ್ತಿರುತ್ತಾರೆ. ನಾನು ಕಕ್ಷಿದಾರರ ಮನೆಗೆ ಹೋಗಿ ಪಂಚಾಯ್ತಿಗೆ ಕೂಡುವುದಿಲ್ಲ. ಪ್ರತಿ ಪ್ರಕರಣದಲ್ಲಿಯೂ ಮನೆಯವರ ಪೈಕಿ ಒಬ್ಬರೊಡನೆ ಮಾತ್ರ ಫೋನಿನಲ್ಲಿ ಮಾತಾಡುತ್ತೇನೆ, ಅದೂ ರಾತ್ರಿ ಎಂಟರೊಳಗೆ; ಹೊಡೆತ ಬಡಿತವಾಗಿದ್ದರೆ ಮಾತ್ರ ಯಾವ ಹೊತ್ತಿನಲ್ಲಾದರೂ ಫೋನ್ ಎತ್ತಿ ಮೊದಲು 112ಕ್ಕೆ ಕರೆ ಮಾಡಲು ಹೇಳುತ್ತೇನೆ. ಕೌಟುಂಬಿಕ ನ್ಯಾಯಾಲಯಗಳ ಕಾಯ್ದೆಯ ಪ್ರಕಾರ ವಕೀಲರ ಮೂಲಕ ವಾದಿಸುವುದು ಪಕ್ಷಕಾರರ ಹಕ್ಕಲ್ಲ, ಅದಕ್ಕೆ ನ್ಯಾಯಾಲಯದ ಅನುಮತಿ ಬೇಕು. ಹೀಗಾಗಿ ತಮ್ಮ ಮಾತನ್ನು ತಾವೇ ಹೇಳಲು ಅವರನ್ನು ಮೊದಲ ಭೇಟಿಯಿಂದಲೇ ಸಿದ್ಧಪಡಿಸುತ್ತೇನೆ, ಆ ಭೇಟಿಗೆ ಒಂದು ಪೂರ್ತಿ ಸಂಜೆಯನ್ನೇ ಎತ್ತಿಡುತ್ತೇನೆ.