ತೆರೆದು, ಕೆಲಸ ಮುಗಿಸಿ, ಮುಚ್ಚುವ ಆ್ಯಪ್‌ಗಳು: ನನ್ನ ಅನುಭವ

ನನ್ನ ಮೊಬೈಲಿನಲ್ಲಿ ಒಂದು ಆ್ಯಪ್ ಉಳಿಯಬೇಕಾದರೆ ಅದು ನನ್ನ ಯಾವುದಾದರೂ ಒಂದು ಕೆಲಸವನ್ನು ಮುಗಿಸಿಕೊಟ್ಟು ಸುಮ್ಮನಾಗಬೇಕು. ತೆರೆಯಬೇಕು, ಬೇಕಾದದ್ದು ಸಿಗಬೇಕು, ಮುಚ್ಚಬೇಕು. ಇನ್ನೂ ಸ್ವಲ್ಪ ಹೊತ್ತು ಇರು, ಇದನ್ನೂ ನೋಡು ಎಂದು ಹಿಡಿದು ಕೂರಿಸುವ ಆ್ಯಪ್ ಎಷ್ಟೇ ಹೆಸರು ಮಾಡಿದ್ದರೂ ನನಗೆ ಬೇಡ. ಈ ಒಂದು ಒರೆಗಲ್ಲಿಗೆ ಹಚ್ಚಿ ನೋಡಿದ ಮೇಲೆ ಉಳಿದುಕೊಂಡವುಗಳ ಬಗ್ಗೆ ಬರೆಯುತ್ತಿದ್ದೇನೆ.

ದಾವಣಗೆರೆಯ ಒಂದು ಖಾಸಗಿ ಸಂಸ್ಥೆಯಲ್ಲಿ ಲೆಕ್ಕಪತ್ರ ನೋಡಿಕೊಳ್ಳುವುದು ನನ್ನ ಉದ್ಯೋಗ. ಮಾಯಕೊಂಡದ ಕಡೆ ನಮ್ಮ ಜಮೀನಿದೆ. ಬೋರ್‌ವೆಲ್ ನೀರು ಹರಿಯುವಷ್ಟು ಜಾಗದಲ್ಲಿ ಅಡಿಕೆ, ಉಳಿದ ಖುಷ್ಕಿಯಲ್ಲಿ ಮೆಕ್ಕೆಜೋಳ. ಅಪ್ಪ, ಅಮ್ಮ ಊರಿನಲ್ಲೇ ಇದ್ದಾರೆ. ಹೀಗಾಗಿ ನನ್ನ ದಿನ ಪೇಟೆಯ ಕೆಲಸಕ್ಕೂ ಊರಿನ ಕೆಲಸಕ್ಕೂ ಹಂಚಿಹೋಗಿದೆ, ಮೊಬೈಲಿನ ಉಪಯೋಗವೂ ಹಾಗೆಯೇ.

ಹಣ ಕೊಡುವ ಆ್ಯಪ್‌ಗಳ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. 2016ರಲ್ಲಿ ಯುಪಿಐ ಬಂದಾಗಿನಿಂದ ಬೆಣ್ಣೆದೋಸೆಯ ಹೋಟೆಲಿನಿಂದ ಹಿಡಿದು ಮಂಡಕ್ಕಿ ಮೆಣಸಿನಕಾಯಿ ಗಾಡಿಯವರೆಗೆ ಎಲ್ಲೆಲ್ಲೂ ಕ್ಯೂಆರ್ ಕೋಡ್ ಇದೆ. ಆದರೆ ಅದರೊಳಗೇ ಇರುವ ಯುಪಿಐ ಲೈಟ್ ಅನ್ನು ಬಹಳ ಜನ ಮುಟ್ಟಿಯೇ ನೋಡಿಲ್ಲ. ಅದರಲ್ಲಿ ಐದು ಸಾವಿರ ರೂಪಾಯಿವರೆಗೆ ತುಂಬಿಟ್ಟುಕೊಳ್ಳಬಹುದು. ಒಂದು ಬಾರಿಗೆ ಸಾವಿರ ರೂಪಾಯಿವರೆಗೆ ಪಿನ್ ಹಾಕದೆಯೇ ಕೊಡಬಹುದು. ನನಗೆ ಅದು ಇಷ್ಟವಾದದ್ದು ಲೆಕ್ಕದವನ ಕಣ್ಣಿನಿಂದ. ಹತ್ತು ರೂಪಾಯಿಯ ಚಹಾ, ಹದಿನೈದು ರೂಪಾಯಿಯ ಕೊತ್ತಂಬರಿ ಸೊಪ್ಪು ಒಂದೊಂದೂ ಒಂದೊಂದು ಸಾಲಾಗಿ ಪಾಸ್‌ಬುಕ್ ತುಂಬಿದರೆ ಗೊಬ್ಬರದಂಗಡಿಗೆ ಕಳಿಸಿದ ದೊಡ್ಡ ಮೊತ್ತವನ್ನು ಹುಡುಕುವುದೇ ಕಷ್ಟ. ಲೈಟ್ ಇದ್ದರೆ ಬ್ಯಾಂಕಿನ ಪುಸ್ತಕದಲ್ಲಿ ಹಣ ತುಂಬಿದ ಒಂದೇ ನಮೂದು. ಚಿಲ್ಲರೆಯ ವಿವರವೆಲ್ಲ ಆ್ಯಪ್‌ನಲ್ಲೇ ಉಳಿಯುತ್ತದೆ. ಪಿನ್ ಕೇಳುವುದಿಲ್ಲವಾದ್ದರಿಂದ ಮೊಬೈಲಿಗೆ ಬೀಗ ಇರಲೇಬೇಕು. ಅಮ್ಮನಿಗೆ ನಾನು ಕಲಿಸಿದ ಒಂದೇ ನಿಯಮ: ಹಣ ಬರುವುದಕ್ಕೆ ಪಿನ್ ಬೇಕಾಗುವುದೇ ಇಲ್ಲ, ಹಣ ಹೋಗುವುದಕ್ಕೆ ಮಾತ್ರ ಬೇಕು. ಯಾರಾದರೂ ‘ದುಡ್ಡು ಹಾಕುತ್ತೇನೆ, ಪಿನ್ ಒತ್ತಿ’ ಎಂದರೆ ಫೋನ್ ಇಟ್ಟುಬಿಡಬೇಕು. ಮೋಸವಾಗಿಹೋದರೆ ತಡಮಾಡದೆ 1930ಕ್ಕೆ ಕರೆ ಮಾಡಬೇಕು. ಆ ಸಂಖ್ಯೆಯನ್ನು ಅಡುಗೆಮನೆಯ ಕ್ಯಾಲೆಂಡರಿನ ಮೇಲೆ ದಪ್ಪಕ್ಷರದಲ್ಲಿ ಬರೆದಿಟ್ಟಿದ್ದೇನೆ.

ಊರಿಗೆ ಹೋಗಲು ಬಸ್ಸೂ ಇದೆ, ಪ್ಯಾಸೆಂಜರ್ ರೈಲೂ ಇದೆ. ತೋಳಹುಣಸೆ, ಕೊಡಗನೂರು ದಾಟಿ ಮಾಯಕೊಂಡ. ರೈಲು ಎಲ್ಲಿದೆ ಎಂದು ನೋಡಲು ವೇರ್ ಈಸ್ ಮೈ ಟ್ರೈನ್ ಆ್ಯಪ್ ಬಳಸುತ್ತೇನೆ. ರೈಲಿನೊಳಗೆ ಕುಳಿತವರಿಗೆ ಅದು ಇಂಟರ್‌ನೆಟ್ಟೂ ಜಿಪಿಎಸ್ಸೂ ಇಲ್ಲದೆ, ಸಮೀಪದ ಮೊಬೈಲ್ ಟವರ್ ನೋಡಿಕೊಂಡೇ ಯಾವ ನಿಲ್ದಾಣ ದಾಟಿದೆ ಎಂದು ಹೇಳುತ್ತದೆ. ರಾತ್ರಿ ರೈಲಿನಲ್ಲಿ ಬೆಂಗಳೂರಿನಿಂದ ಬರುವಾಗ ಕಿಟಕಿಯ ಆಚೆ ಕತ್ತಲು, ನೆಟ್‌ವರ್ಕ್ ಇಲ್ಲ. ಆದರೂ ಚಿಕ್ಕಜಾಜೂರು ಬಂತೋ ಇಲ್ಲವೋ ಎಂದು ತಿಳಿಯುತ್ತದೆ. ಕಚೇರಿಯಲ್ಲಿ ಕುಳಿತು ರೈಲು ಹರಿಹರ ಬಿಟ್ಟಿತೇ ಎಂದು ನೋಡಲು ಮಾತ್ರ ಇಂಟರ್‌ನೆಟ್ ಬೇಕು. ಕಾಯ್ದಿರಿಸದ ಟಿಕೆಟನ್ನು ಮೊದಲು ಯುಟಿಎಸ್ ಆ್ಯಪ್‌ನಲ್ಲಿ ತೆಗೆಯುತ್ತಿದ್ದೆ. 2025ರ ಜುಲೈಯಲ್ಲಿ ರೈಲ್ವೆಯವರು ರೈಲ್‌ಒನ್ ತಂದ ಮೇಲೆ ಕಾಯ್ದಿರಿಸಿದ ಟಿಕೆಟ್ಟೂ ಕಾಯ್ದಿರಿಸದ್ದೂ ಒಂದೇ ಕಡೆ ಸಿಗುತ್ತವೆ. ಕಾಗದವಿಲ್ಲದ ಟಿಕೆಟನ್ನು ಆ್ಯಪ್ ತೆರೆದೇ ತೋರಿಸಬೇಕು, ಸ್ಕ್ರೀನ್‌ಶಾಟ್ ನಡೆಯುವುದಿಲ್ಲ. ಆದ್ದರಿಂದ ಚಾರ್ಜ್ ಕಡಿಮೆ ಇರುವ ದಿನ ನಾನು ಕೌಂಟರಿನಲ್ಲೇ ಟಿಕೆಟ್ ಕೊಳ್ಳುತ್ತೇನೆ.

ಇನ್ನು ಜಮೀನಿನ ವಿಷಯ. ಹಳ್ಳಿಯಲ್ಲಿ ಒಂದು ತುಂಡು ಭೂಮಿ ಇರುವ ಪ್ರತಿಯೊಬ್ಬರ ಮೊಬೈಲಿನಲ್ಲೂ ಇರಬೇಕಾದ ಆ್ಯಪ್ ದಿಶಾಂಕ್. ಇದನ್ನು ರೂಪಿಸಿದ್ದು ಕರ್ನಾಟಕ ರಾಜ್ಯ ದೂರಸಂವೇದಿ ಅನ್ವಯಿಕ ಕೇಂದ್ರ. ಹೊಲದಲ್ಲಿ ನಿಂತು ತೆರೆದರೆ ನಿಂತ ಜಾಗ ಯಾವ ಗ್ರಾಮದ ಯಾವ ಸರ್ವೆ ನಂಬರಿಗೆ ಸೇರಿದ್ದು ಎಂದು ನಕ್ಷೆಯ ಮೇಲೆ ತೋರಿಸುತ್ತದೆ. ನನ್ನ ಚಿಕ್ಕಪ್ಪನ ಮಗ ಜಮೀನು ಕೊಳ್ಳಲು ಹೊರಟಾಗ ಇದರ ಬೆಲೆ ನನಗೆ ಚೆನ್ನಾಗಿ ಮನವರಿಕೆಯಾಯಿತು. ದಲ್ಲಾಳಿ ನಮ್ಮನ್ನು ಕರೆದುಕೊಂಡು ಹೋಗಿ ತೋರಿಸಿದ್ದು ರಸ್ತೆಗೆ ಹತ್ತಿರದ, ಕಪ್ಪು ಮಣ್ಣಿನ, ಸಮತಟ್ಟಾದ ಹೊಲ. ಕೈಯಲ್ಲಿದ್ದ ಪಹಣಿಯ ಸರ್ವೆ ನಂಬರನ್ನು ಮನಸ್ಸಿನಲ್ಲಿಟ್ಟುಕೊಂಡು ನಾನು ದಿಶಾಂಕ್ ತೆರೆದೆ. ನಕ್ಷೆಯಲ್ಲಿ ನಮ್ಮ ಕಾಲ ಕೆಳಗೆ ಇದ್ದದ್ದು ಬೇರೆ ನಂಬರು. ಪಹಣಿಯಲ್ಲಿದ್ದ ನಂಬರು ಹಳ್ಳದ ಆಚೆ ಇತ್ತು. ಅಲ್ಲಿಗೂ ನಡೆದುಹೋದೆವು. ಜಾಲಿ ಬೆಳೆದ ಗರಸು ಭೂಮಿ, ಬಂಡಿ ಹೋಗುವುದಕ್ಕೂ ದಾರಿಯಿಲ್ಲ. ‘ಎರಡೂ ಒಬ್ಬರದೇ ಜಮೀನು, ಮುಂದೆ ಸರಿಪಡಿಸಿಕೊಂಡರಾಯಿತು’ ಎಂದು ಆತ ಹೇಳಿದ. ಚಿಕ್ಕಪ್ಪನ ಮಗ ಮುಂಗಡ ಕೊಡದೆ ವಾಪಸು ಬಂದ.

ಅದೇ ಆ್ಯಪ್ ಇಟ್ಟುಕೊಂಡು ಪಕ್ಕದ ಹೊಲದವರೊಂದಿಗೆ ಬದುವಿನ ಜಗಳಕ್ಕೆ ಹೋಗಬಾರದು ಎಂಬುದನ್ನೂ ಹೇಳಬೇಕು. ಬಯಲಿನಲ್ಲೂ ಮೊಬೈಲಿನ ಜಿಪಿಎಸ್ ಕೆಲವು ಮೀಟರ್ ಆಚೀಚೆ ತೋರಿಸುತ್ತದೆ; ಅಡಿಕೆ ತೋಟದ ಸೋಗೆಯ ಕೆಳಗೆ ಇನ್ನೂ ಹೆಚ್ಚು. ಬದುವಿನ ಜಗಳ ನಡೆಯುವುದು ಮೊಳ, ಗೇಣುಗಳ ಲೆಕ್ಕದಲ್ಲಿ. ಬಾಂದುಕಲ್ಲು ಎಲ್ಲಿರಬೇಕು ಎಂದು ಹೇಳುವ ಅಧಿಕಾರ ಭೂಮಾಪಕರಿಗೆ ಮಾತ್ರ ಇದೆ. ಹದ್ದುಬಸ್ತಿಗೆ, ಅಂದರೆ ಗಡಿ ಗುರುತಿಸಿಕೊಡುವುದಕ್ಕೆ, ಅರ್ಜಿ ಹಾಕಿ ಅಳತೆ ಮಾಡಿಸುವುದೇ ಸರಿಯಾದ ದಾರಿ. ನಮ್ಮ ಪಕ್ಕದ ಹೊಲದ ಅಣ್ಣ ಒಮ್ಮೆ ದಿಶಾಂಕ್ ಹಿಡಿದು ಬಂದು ‘ನೋಡು, ನಿಮ್ಮ ಬದು ನಮ್ಮ ಗೆರೆಯ ಒಳಗಿದೆ’ ಎಂದಾಗ ಇದನ್ನೇ ಹೇಳಿದೆ. ಅವರ ಎದುರಿಗೇ ನಿಂತ ಜಾಗದಿಂದ ಕದಲದೆ ಆ್ಯಪನ್ನು ಮುಚ್ಚಿ ಮತ್ತೆ ತೆರೆದೆ. ನೀಲಿ ಚುಕ್ಕೆ ಬದುವಿನ ಈ ಕಡೆಗೆ ಬಂದು ಕುಳಿತಿತು. ಅವರಿಗೂ ಅರ್ಥವಾಯಿತು.

ಮಳೆಯ ವಿಷಯಕ್ಕೆ ಎರಡು ಸರ್ಕಾರಿ ಆ್ಯಪ್‌ಗಳಿವೆ. ಮೇಘದೂತ್ 2019ರಲ್ಲಿ ಬಂದದ್ದು. ಹವಾಮಾನ ಇಲಾಖೆಯ ಮುನ್ಸೂಚನೆಯ ಜೊತೆಗೆ ಮಂಗಳವಾರ ಮತ್ತು ಶುಕ್ರವಾರ ಬೆಳೆವಾರು ಸಲಹೆ ಬರುತ್ತದೆ. ಮೆಕ್ಕೆಜೋಳಕ್ಕೆ ಎಡೆ ಹೊಡೆದು ಮೇಲುಗೊಬ್ಬರ ಹಾಕುವ ಮುಂಚೆ ಅಪ್ಪ ನನಗೆ ಫೋನ್ ಮಾಡಿ ‘ಏನಂತೆ?’ ಎಂದು ಕೇಳುತ್ತಾರೆ. ಆ ಮುನ್ಸೂಚನೆ ವಿಶಾಲ ಪ್ರದೇಶವೊಂದರ ಸರಾಸರಿ ಮಾತು. ನಮ್ಮ ಊರಿನ ಮೇಲೆ ಮೋಡ ಒಡೆಯುತ್ತದೋ ಆನಗೋಡಿನ ಮೇಲೆ ಒಡೆಯುತ್ತದೋ ಅದಕ್ಕೆ ತಿಳಿಯದು. ಆದರೂ ಮುಂದಿನ ಎರಡು ಮೂರು ದಿನ ಒಣ ಹವೆಯೋ ಮಳೆಯೋ ಎಂಬ ತೀರ್ಮಾನಕ್ಕೆ ನನಗೆ ಅಷ್ಟು ಸಾಕು.

ಇನ್ನೊಂದು ದಾಮಿನಿ. ಪುಣೆಯ ಭಾರತೀಯ ಉಷ್ಣವಲಯ ಹವಾಮಾನ ವಿಜ್ಞಾನ ಸಂಸ್ಥೆಯದು. ನಾವಿರುವ ಜಾಗದಿಂದ 20 ಮತ್ತು 40 ಕಿಲೋಮೀಟರ್ ವ್ಯಾಪ್ತಿಯಲ್ಲಿ ಸಿಡಿಲು ಎಲ್ಲಿ ಬಡಿಯುತ್ತಿದೆ ಎಂದು ತೋರಿಸಿ ಎಚ್ಚರಿಸುತ್ತದೆ. ಭರಣಿ, ಕೃತ್ತಿಕೆ ಮಳೆಗಳ ಕಾಲದಲ್ಲಿ, ಅಂದರೆ ಏಪ್ರಿಲ್ ಕೊನೆಯಿಂದ ಮೇ ತಿಂಗಳವರೆಗೆ, ನಮ್ಮ ಕಡೆ ಮಧ್ಯಾಹ್ನದವರೆಗೂ ಸುಡುಬಿಸಿಲು. ಸಂಜೆಗೆ ಒಮ್ಮೆಲೇ ಗುಡುಗು, ಗಾಳಿ. ಆ ಹೊತ್ತಿಗೇ ಎಮ್ಮೆ ಹೊಡೆದುಕೊಂಡು ಬರಲು ಅಮ್ಮ ಹೊಲಕ್ಕೆ ಹೋಗುತ್ತಾರೆ. ನಾನು ದಾವಣಗೆರೆಯಲ್ಲಿ ಕುಳಿತು ನೋಡಿದರೆ ಪ್ರಯೋಜನವಿಲ್ಲ, ಅದು ಮೊಬೈಲ್ ಇರುವ ಜಾಗವನ್ನು ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ. ಅದಕ್ಕೇ ಅಮ್ಮನ ಮೊಬೈಲಿನಲ್ಲೇ ಹಾಕಿಕೊಟ್ಟಿದ್ದೇನೆ. ಒಂಟಿ ಮರದ ಕೆಳಗೆ ನಿಲ್ಲಬಾರದು, ತಂತಿ ಬೇಲಿ ಮುಟ್ಟಬಾರದು, ಪಂಪ್‌ಸೆಟ್ಟಿನ ಸ್ಟಾರ್ಟರ್ ಹತ್ತಿರ ಹೋಗಬಾರದು ಎಂಬುದು ಅವರಿಗೆ ನನಗಿಂತ ಮೊದಲೇ ಗೊತ್ತು. ಯಾವಾಗ ಮನೆಯ ಕಡೆ ಹೊರಡಬೇಕು ಎಂಬುದಕ್ಕೆ ಆ್ಯಪ್ ಒಂದು ಆಸರೆ.

ದಾಖಲೆಗಳಿಗೆ ಡಿಜಿಲಾಕರ್. 2015ರಿಂದ ಇದೆ. ಅದರಲ್ಲಿ ಎರಡು ವಿಭಾಗಗಳಿರುವುದನ್ನು ಜನ ಗಮನಿಸುವುದಿಲ್ಲ. ಇಲಾಖೆಯೇ ನೇರವಾಗಿ ಕೊಟ್ಟ ದಾಖಲೆಗಳು ಒಂದು ಕಡೆ, ನಾವು ಫೋಟೊ ತೆಗೆದು ಹಾಕಿಕೊಂಡವು ಇನ್ನೊಂದು ಕಡೆ. ಕಾನೂನಿನಲ್ಲಿ ಮೂಲ ದಾಖಲೆಗೆ ಸಮ ಎಂಬ ಮಾನ್ಯತೆ ಇರುವುದು ಮೊದಲನೆಯದಕ್ಕೆ ಮಾತ್ರ. ಚಾಲನಾ ಪರವಾನಗಿಯ ಫೋಟೊ ಹಾಕಿಟ್ಟುಕೊಂಡು ಸಾಕೆಂದುಕೊಂಡವರು ಒಮ್ಮೆ ತೆರೆದು, ಸಾರಿಗೆ ಇಲಾಖೆಯಿಂದಲೇ ತರಿಸಿಕೊಳ್ಳಿ. ಆಧಾರ್ ಆ್ಯಪ್‌ನಲ್ಲಿ ಬೆರಳಚ್ಚಿಗೆ ಬೀಗ ಹಾಕುವ ಸೌಲಭ್ಯವನ್ನೂ ಬಳಸಿ. ನಿಮ್ಮ ಬೆರಳಚ್ಚನ್ನು ನಕಲು ಮಾಡಿ ಯಾರೂ ಹಣ ತೆಗೆಯದಂತೆ ಅದು ಕಾಯುತ್ತದೆ. ನ್ಯಾಯಬೆಲೆ ಅಂಗಡಿಯಲ್ಲಿ ಹೆಬ್ಬೆಟ್ಟು ಒತ್ತುವ ದಿನ ಮಾತ್ರ ಬೀಗ ತೆಗೆಯಬೇಕು. ಇಲ್ಲದಿದ್ದರೆ ಸಾಲಿನಲ್ಲಿ ನಿಂತು ಯಂತ್ರ ಹಿಡಿಯುತ್ತಿಲ್ಲ ಎಂದು ಒದ್ದಾಡಬೇಕಾಗುತ್ತದೆ.

ಇಷ್ಟೆಲ್ಲದರಲ್ಲಿ ನನಗೆ ಅತ್ಯಂತ ಪ್ರಿಯವಾದದ್ದು ಲೈವ್ ಟ್ರಾನ್ಸ್‌ಕ್ರೈಬ್. ಗೂಗಲ್ ಇದನ್ನು 2019ರಲ್ಲಿ ತಂದಿತು. ಎದುರಿನವರು ಮಾತನಾಡಿದಂತೆಲ್ಲ ಅದು ಪರದೆಯ ಮೇಲೆ ಅಕ್ಷರವಾಗಿ ಮೂಡುತ್ತ ಹೋಗುತ್ತದೆ, ಕನ್ನಡದಲ್ಲೂ. ಅಪ್ಪನಿಗೆ ಕಿವಿ ಮಂದ. ಶ್ರವಣ ಯಂತ್ರ ಹಾಕಿದರೆ ತಲೆಯೊಳಗೆ ಗುಂಯ್ ಎನ್ನುತ್ತದೆ ಎಂದು ತೆಗೆದಿಡುತ್ತಾರೆ. ಕಣ್ಣು ಚುರುಕು, ದಿನಪತ್ರಿಕೆಯನ್ನು ಮೊದಲ ಪುಟದಿಂದ ಕೊನೆಯ ಪುಟದವರೆಗೆ ಓದುತ್ತಾರೆ. ಓದಬಲ್ಲವರಿಗೆ ಮಾತನ್ನು ಓದಿಸಬಹುದಲ್ಲ ಎಂದು ಇದನ್ನು ಹಾಕಿಕೊಟ್ಟೆ.

ಆಸ್ಪತ್ರೆಯಲ್ಲಿ ಮೊದಲೆಲ್ಲ ವೈದ್ಯರು ನನ್ನ ಮುಖ ನೋಡಿಕೊಂಡೇ ಮಾತನಾಡುತ್ತಿದ್ದರು. ಕಾಯಿಲೆ ಅಪ್ಪನದು, ಮಾತು ನನ್ನೊಡನೆ. ಈ ಆ್ಯಪ್ ಹಾಕಿದ ಮೇಲೆ ಮೇಜಿನ ಮೇಲೆ ಮೊಬೈಲ್ ಇಟ್ಟು, ಅಕ್ಷರ ದೊಡ್ಡದು ಮಾಡಿ, ಮೈಕನ್ನು ವೈದ್ಯರ ಕಡೆ ತಿರುಗಿಸಿ ಕುಳಿತೆವು. ‘ಈ ಮಾತ್ರೆ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ, ಇದು ರಾತ್ರಿ ಊಟವಾದ ಮೇಲೆ’ ಎಂದು ಅವರು ಹೇಳಿದಂತೆ ಒಂದೊಂದೇ ಪದ ಮೂಡಿತು. ಅಪ್ಪ ಕನ್ನಡಕ ಸರಿಮಾಡಿಕೊಂಡು ಓದಿದರು. ಓದಿ, ತಲೆ ಎತ್ತಿ, ತಾವೇ ಕೇಳಿದರು: ‘ಡಾಕ್ಟರೇ, ಎಲೆ ಅಡಿಕೆ ಹಾಕಿಕೊಳ್ಳಬಹುದೇ?’ ವೈದ್ಯರು ಈ ಸಲ ಅವರ ಕಡೆಗೇ ತಿರುಗಿ ‘ಬೇಡ ಅಜ್ಜಾರೇ, ಬಿಟ್ಟುಬಿಡಿ’ ಎಂದರು. ಅದನ್ನೂ ಓದಿದರು. ಒಪ್ಪಿದರೋ ಇಲ್ಲವೋ ಬೇರೆ ಮಾತು. ತಮ್ಮ ಆರೋಗ್ಯದ ಮಾತುಕತೆಯಲ್ಲಿ ತಾವೇ ಕುಳಿತಿದ್ದರು.

ಅದರ ಮಿತಿಗಳನ್ನೂ ನೋಡಿದ್ದೇನೆ. ಫ್ಯಾನಿನ ಸದ್ದು ಜೋರಾಗಿದ್ದರೆ ಪದಗಳು ಬಿಟ್ಟುಹೋಗುತ್ತವೆ. ಇಬ್ಬರು ಒಟ್ಟಿಗೆ ಮಾತನಾಡಿದರೆ ಕಲಸಿಹೋಗುತ್ತದೆ. ಅಮ್ಮನ ವೇಗದ ಮಾತನ್ನು ಹಿಡಿಯುವುದು ಅದಕ್ಕೆ ಕಷ್ಟ, ಆದ್ದರಿಂದ ಅವರೂ ಈಗ ನಿಧಾನವಾಗಿ ಬಿಡಿಸಿ ಮಾತನಾಡುತ್ತಾರೆ. ಮಾತ್ರೆಯ ಹೆಸರನ್ನೂ ಪ್ರಮಾಣವನ್ನೂ ಆ್ಯಪ್ ಬರೆದದ್ದನ್ನು ನಂಬದೆ ಚೀಟಿಯಲ್ಲೇ ನೋಡಬೇಕು. ಎರಡು ಭಾಷೆಗಳನ್ನು ಮೊದಲೇ ಆರಿಸಿಟ್ಟುಕೊಂಡರೆ ಒಂದೇ ಗುಂಡಿಯಲ್ಲಿ ಬದಲಾಯಿಸಬಹುದು. ನಾವು ಕನ್ನಡ ಮತ್ತು ಇಂಗ್ಲಿಷ್ ಇಟ್ಟುಕೊಂಡಿದ್ದೇವೆ.

ತೆಗೆದುಹಾಕಿದ ಆ್ಯಪ್‌ಗಳ ಪಟ್ಟಿ ಇದಕ್ಕಿಂತ ಉದ್ದವಾಗಿದೆ. ಕಿರು ವಿಡಿಯೊಗಳು ಹೋದವು, ದಿನವಿಡೀ ಗಂಟೆ ಬಾರಿಸುವ ಖರೀದಿಯ ಆ್ಯಪ್‌ಗಳು ಹೋದವು. ಕ್ಷಣದಲ್ಲಿ ಸಾಲ ಕೊಡುತ್ತೇವೆ ಎನ್ನುವವುಗಳನ್ನು ಮನೆಯ ಯಾರ ಮೊಬೈಲಿನಲ್ಲೂ ಇರಗೊಡುವುದಿಲ್ಲ. ಸಾಲದ ಆ್ಯಪ್ ನಿಮ್ಮ ಸಂಪರ್ಕ ಪಟ್ಟಿ, ಕರೆಗಳ ವಿವರ ಮುಟ್ಟಬಾರದು ಎಂದು ರಿಸರ್ವ್ ಬ್ಯಾಂಕ್ 2022ರ ಮಾರ್ಗಸೂಚಿಯಲ್ಲೇ ಹೇಳಿದೆ. ಅದನ್ನು ಕೇಳುವ ಆ್ಯಪ್‌ನ ಉದ್ದೇಶ ಅಲ್ಲೇ ಗೊತ್ತಾಗುತ್ತದೆ. ದಂಡದ ನೋಟಿಸು, ಕಿಸಾನ್ ಹಣ ಎಂದೆಲ್ಲ ಹೇಳಿಕೊಂಡು ವಾಟ್ಸ್‌ಆ್ಯಪ್‌ನಲ್ಲಿ ಬರುವ ಎಪಿಕೆ ಕಡತಗಳನ್ನು, ಅಂದರೆ ಒತ್ತಿದರೆ ಮೊಬೈಲಿಗೆ ಆ್ಯಪ್ ಹಾಕುವ ಕಡತಗಳನ್ನು, ಒತ್ತಲೇಬೇಡಿ, ಕಳಿಸಿದವರು ಸ್ವಂತ ಸೋದರಮಾವನೇ ಆಗಿದ್ದರೂ ಸರಿ. ಅವರ ಮೊಬೈಲೇ ಬೇರೆಯವರ ಹಿಡಿತಕ್ಕೆ ಹೋಗಿರಬಹುದು.

ಒಂದು ಕೆಲಸಕ್ಕೆ ಮಾತ್ರ ನನಗೆ ಇನ್ನೂ ಒಪ್ಪುವ ಆ್ಯಪ್ ಸಿಕ್ಕಿಲ್ಲ: ಮೆಕ್ಕೆಜೋಳದ ದರ. ಮಾರುಕಟ್ಟೆಯ ಕನಿಷ್ಠ, ಗರಿಷ್ಠ ದರ ಮೊಬೈಲಿನಲ್ಲಿ ಸಿಗುತ್ತದೆ. ಆದರೆ ನಮ್ಮ ಕಾಳಿಗೆ ಆ ಎರಡರ ನಡುವೆ ಎಲ್ಲಿ ಬೆಲೆ ನಿಲ್ಲುತ್ತದೆ ಎಂಬುದನ್ನು ತೀರ್ಮಾನಿಸುವುದು ತೇವಾಂಶ. ಆದ್ದರಿಂದ ಕಣದಲ್ಲಿ ಒಣಗಿದ ಕಾಳನ್ನು ಒಂದು ಚೀಲದಲ್ಲಿ ಕಟ್ಟಿಕೊಂಡು ಕಚೇರಿಗೆ ಹೋಗುವ ದಾರಿಯಲ್ಲಿ ಎಪಿಎಂಸಿಗೆ ಹೋಗುತ್ತೇನೆ. ದಲಾಲರ ಅಂಗಡಿಯಲ್ಲಿ ಮಾಪಕಕ್ಕೆ ಹಾಕಿಸಿ, ಬಂದ ಅಂಕಿಯನ್ನೂ ಅಂದಿನ ದರವನ್ನೂ ಅಪ್ಪನಿಗೆ ಬರೆದು ಕಳಿಸುತ್ತೇನೆ. ಇನ್ನೊಂದು ಬಿಸಿಲು ಕಾಣಿಸಬೇಕೋ, ಲೋಡು ಮಾಡಿಸಬೇಕೋ ಎಂದು ಅವರು ಹೇಳುತ್ತಾರೆ.