ನನ್ನ ಮೂಗಿಗೆ ಸಿಗದ ಕಸ್ತೂರಿ

ನಮ್ಮನೆ ದೇವರ ಮುಂದೆ ಮೊದಲಿನಿಂದಲೂ ಕಸ್ತೂರಿ ಊದಿನಕಡ್ಡಿಯೇ. ಹೋದ ವರ್ಷ ನಾನೇ ಮಾಡಿ ನೋಡೋಣ ಅಂತ ಹೊರಟೆ. ನಿಜವಾದ ಕಸ್ತೂರಿ ಹಾಕಿದ್ದೀಯಾ ಅಂತ ಎಲ್ಲರೂ ಕೇಳ್ತಾರೆ. ಅದು ಹಿಮಾಲಯದ ಕಸ್ತೂರಿ ಮೃಗದ್ದು, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಅದನ್ನು ಬೇಟೆಯಾಡೋ ಹಾಗಿಲ್ಲ. ಈಗ ಕಡ್ಡಿಗೆ ಹಾಕೋದು ಕಾರ್ಖಾನೆಯಲ್ಲಿ ತಯಾರಾದ ಮಸ್ಕ್, ಅಂದರೆ ಕಸ್ತೂರಿ ವಾಸನೆಯ ರಾಸಾಯನಿಕ.

ಆದರೂ ಗಿಡದಿಂದಲೇ ಬರಲಿ ಅನ್ನೋ ಆಸೆಗೆ ಅವೆನ್ಯೂ ರಸ್ತೆ ಕಡೆಯ ಗ್ರಂಥಿಗೆ ಅಂಗಡಿಯಿಂದ ಕಸ್ತೂರಿ ಬೆಂಡೆ ಬೀಜ ತಂದೆ. ಅಂಗೈಯಲ್ಲಿ ಉಜ್ಜಿದರೆ ಆಹಾ, ಬೆಚ್ಚಗಿನ ಸಿಹಿ ವಾಸನೆ. ಪುಡಿ ಮಾಡಿ ಕಡ್ಡಿಗೆ ಸೇರಿಸಿ ಹಚ್ಚಿದೆ ನೋಡಿ, ಒಗ್ಗರಣೆ ಸೀದ ಹಾಗಾಯ್ತು! ಪರಿಮಳ ಇರೋದು ಬೀಜದ ಸಿಪ್ಪೆಯಲ್ಲಿ, ತಿರುಳಲ್ಲಿ ಬರೀ ಜಿಡ್ಡು.

ಸರಿ, ಮಸ್ಕೇ ಗತಿ. ಎರಡು ಪಾಲು ಇದ್ದಿಲು ಪುಡಿ, ಒಂದು ಪಾಲು ಜಿಗಟು (ಮರದ ತೊಗಟೆಯ ಪುಡಿ, ನೀರು ಬಿದ್ದರೆ ಅಂಟಾಗುತ್ತೆ), ಸ್ವಲ್ಪ ಗಂಧದ ಪುಡಿ, ಚಿಟಿಕೆ ಸಾಂಬ್ರಾಣಿ. ಚಪಾತಿ ಹಿಟ್ಟಿನ ಹದಕ್ಕೆ ಕಲಸಿ, ಬಿದಿರು ಕಡ್ಡಿಯನ್ನು ಮಣೆ ಮೇಲೆ ಹೊಸೆದೆ. ಜಿಗಟು ಕಮ್ಮಿಯಾದರೆ ಒಣಗಿದ ಮೇಲೆ ಉದುರುತ್ತೆ, ಜಾಸ್ತಿಯಾದರೆ ಮರ ಸುಟ್ಟ ವಾಸನೆಯೇ ಮುಂದೆ. ಜುಲೈ ತುಂತುರಲ್ಲಿ ನೆರಳಿಗೆ ಹರಡಿದ್ದ ಮೊದಲ ಕಂತಿಗೆ ಬೂಸ್ಟು ಬಂದು ಎಲ್ಲಾ ಎಸೆದೆ.

ಕಷ್ಟ ಶುರುವಾಗಿದ್ದು ಸೆಂಟ್ ಅದ್ದುವಾಗ. ತಂದಿದ್ದು ಗ್ಯಾಲಕ್ಸೊಲೈಡ್ ಅನ್ನೋ ಮಸ್ಕ್, ಜೇನಿನ ಹಾಗೆ ಮಂದ. ಸಾಲ್ವೆಂಟ್‌ನಲ್ಲಿ (ಸೆಂಟ್ ತೆಳು ಮಾಡೋ ದ್ರವ) ಕರಗಿಸಿ ಮೂಸಿದೆ, ಏನೂ ಇಲ್ಲ. ಇನ್ನೊಂದಿಷ್ಟು ಹಾಕಿದೆ. ಊಹೂಂ. ಅಂಗಡಿಯವರು ನೀರು ಬೆರೆಸಿ ಕೊಟ್ಟರೇನೋ ಅಂತ ಬೈಕೊಂಡು ಮತ್ತೂ ಸುರಿದು, ಅದ್ದಿ, ಒಣಗಿಸಿ ಹಚ್ಚಿದರೆ ಅಡುಗೆಮನೆಯಿಂದ ಅಮ್ಮ, "ಏನೋ ಇದು, ದೇವರ ಮನೆಯಲ್ಲಿ ಬಟ್ಟೆ ಒಗೀತಿದ್ದೀಯಾ?" ಅಂದರು.

ಅಮ್ಮ ಹೇಳಿದ್ದು ಸರಿಯೇ, ಬಟ್ಟೆ ಸೋಪಿಗೂ ಅದನ್ನೇ ಹಾಕ್ತಾರೆ. ಕೆಲವರ ಮೂಗಿಗೆ ಕೆಲವು ಮಸ್ಕ್ ಗೊತ್ತೇ ಆಗಲ್ಲ. ನನ್ನದು ಅಂಥ ಮೂಗು! ಅಂಗಡಿಯವರನ್ನು ಸುಮ್ನೆ ಬೈದೆ.

ಈಗ ಮಸ್ಕ್ ಅಳೆಯೋದು ಅಮ್ಮ. ಹತ್ತು ಹನಿ ಇದ್ದದ್ದು ಮೂರಕ್ಕೆ ಇಳಿದಿದೆ, ಜೊತೆಗೆ ಲಾವಂಚದ ಎಣ್ಣೆ ಒಂದು ಹನಿ. ಅದ್ದಿದ ಕಡ್ಡಿ ಹತ್ತು ದಿನ ತಗಡಿನ ಡಬ್ಬಿಯಲ್ಲಿ ಮುಚ್ಚಿಡ್ತೀನಿ, ಮೊದಲ ದಿನದ ಘಾಟು ಅಷ್ಟರಲ್ಲಿ ಇಳಿದಿರುತ್ತೆ. ಆಮೇಲೆ ಒಂದು ಹಚ್ಚಿಟ್ಟು ಅಮ್ಮನ್ನ ಕರೀತೀನಿ. ಬಾಗಿಲಲ್ಲೇ ನಿಂತು ಮೂಸಿ, "ಹೂಂ, ಇದು ಆಗಬಹುದು" ಅಂತಾರೆ. ನನಗೆ ಲಾವಂಚ ಮಾತ್ರ ಗೊತ್ತಾಗುತ್ತೆ.